98.7 ದಾಟದಿದ್ದರೆ ಹೊಸದು, ದಾಟಿದರೆ? ಕ್ಷಾರಪ್ರಿಯ ಬ್ಯಾಕ್ಟೀರಿಯಾ ಗುರುತಿಸುವ ಟಿಪ್ಪಣಿ

ಮಲೆನಾಡಿನ ಮಣ್ಣು ಹುಳಿ. ಮಳೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದು ಹೋಗುತ್ತವೆ, ಅದಕ್ಕೇ ಅಡಿಕೆ ತೋಟಕ್ಕೆ ಸುಣ್ಣ ಹಾಕುವುದು. ಇಂಥಲ್ಲಿ ಕ್ಷಾರ ಇಷ್ಟಪಡುವ ಬ್ಯಾಕ್ಟೀರಿಯಾ ಸಿಗುತ್ತಾ? ಸಿಗುತ್ತೆ. ಮಹಾರಾಷ್ಟ್ರದ ಕ್ಷಾರ ನೀರಿನ ಲೋಣಾರ್ ಸರೋವರಕ್ಕೇ ಹೋಗಬೇಕಿಲ್ಲ, ತೀರ್ಥಹಳ್ಳಿ ಕಡೆಯ ತೋಟದ ಮಣ್ಣಲ್ಲೂ ಹುಡುಕಬಹುದು. ಸಿಕ್ಕಿದ್ದು ಹೊಸ ಪ್ರಭೇದವೇ ಅಂತ ತಿಳಿಯುವುದು ಹೇಗೆ ಅನ್ನುವುದೇ ಈ ಟಿಪ್ಪಣಿ.

ಮೀಡಿಯಾ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಆಹಾರದ ಬಗ್ಗೆ ಒಂದೇ ಮಾತು: ಕ್ಷಾರ ಮಾಡಲು ಹಾಕುವ ಸೋಡಿಯಂ ಕಾರ್ಬೊನೇಟ್ ಬೇರೆಯೇ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ ಮಾಡಿ), ಆಮೇಲೆ ಸೇರಿಸಿ. ಒಟ್ಟಿಗೆ ಹಾಕಿದರೆ ಗ್ಲೂಕೋಸ್ ಕಂದು ತಿರುಗುತ್ತದೆ. ಪಿಎಚ್ 7ರಿಂದ 11ರವರೆಗೆ ಬೆಳೆಸಿ ನೋಡಿ. 9 ಅಥವಾ ಅದಕ್ಕಿಂತ ಮೇಲೆ ಚೆನ್ನಾಗಿ ಬೆಳೆದರೆ ಕ್ಷಾರಪ್ರಿಯ. 7ರ ಹತ್ತಿರವೇ ಚೆನ್ನಾಗಿ ಬೆಳೆದು 10ರಲ್ಲಿ ಹೇಗೋ ಬದುಕಿದರೆ ಅದು ಬರೀ ತಾಳಿಕೊಳ್ಳುವ ಜಾತಿ.

ಈಗ ತಲೆ ತಿನ್ನುವ ಭಾಗ. ಬ್ಯಾಕ್ಟೀರಿಯಾ ಗುರುತಿಸಲು ಮೊದಲು ಓದಿಸುವ 16ಎಸ್ ಜೀನ್ ಸುಮಾರು 1500 ಡಿಎನ್ಎ ಅಕ್ಷರ ಉದ್ದ. ಹತ್ತಿರದ ಪ್ರಭೇದದ ಜೊತೆ ಹೋಲಿಕೆ 98.7 ಶೇಕಡಕ್ಕಿಂತ ಕಡಿಮೆ ಇದ್ದರೆ, ಅಂದರೆ ಸುಮಾರು 20 ಅಕ್ಷರಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ, ಹೊಸ ಪ್ರಭೇದ ಇರಬಹುದು. ಹಾಗಾದರೆ 99.5 ಬಂದರೆ ಹಳೆಯದೇ ಅಲ್ವಾ? ಅಲ್ಲ! ಈ ಗೆರೆ ಒಂದೇ ಕಡೆಗೆ ಕೆಲಸ ಮಾಡುತ್ತದೆ. ಕೆಳಗಿದ್ದರೆ ಬೇರೆ ಎನ್ನಬಹುದು, ಮೇಲಿದ್ದರೆ ಏನೂ ಹೇಳುವ ಹಾಗಿಲ್ಲ. ಬ್ಯಾಸಿಲಸ್ ಸಬ್ಟಿಲಿಸ್, ಬ್ಯಾಸಿಲಸ್ ವೆಲೆಜೆನ್ಸಿಸ್ ನೋಡಿ: 16ಎಸ್ ಹೋಲಿಕೆ 99ರ ಮೇಲೆ, ಆದರೂ ಎರಡು ಬೇರೆ ಪ್ರಭೇದ. ಈ ಜೀನ್ ತುಂಬಾ ನಿಧಾನ ಬದಲಾಗುತ್ತದೆ. ಉಳಿದ ಜೀನೋಮ್ (ಜೀವಿಯ ಇಡೀ ಡಿಎನ್ಎ) ದೂರ ಹೋದಮೇಲೂ ಇದು ಅಲ್ಲೇ ನಿಂತಿರುತ್ತದೆ.

ಹಾಗಾಗಿ ಇಡೀ ಜೀನೋಮ್ ಓದಿಸಬೇಕು. ಎಎನ್ಐ (ಎರಡು ಜೀನೋಮ್ ನಡುವಿನ ಸರಾಸರಿ ಅಕ್ಷರ ಹೋಲಿಕೆ) 95-96 ಶೇಕಡಕ್ಕಿಂತ ಕೆಳಗೆ, ಡಿಜಿಟಲ್ ಡಿಎನ್ಎ ಹೈಬ್ರಿಡೈಸೇಷನ್ (ಎರಡರ ಡಿಎನ್ಎ ಎಷ್ಟು ಹೊಂದುತ್ತದೆ ಎಂಬ ಕಂಪ್ಯೂಟರ್ ಅಂದಾಜು) 70 ಶೇಕಡಕ್ಕಿಂತ ಕೆಳಗೆ ಇದ್ದರೆ ಮಾತ್ರ ಹೊಸದು ಎಂಬ ವಾದ ನಿಲ್ಲುತ್ತದೆ. ನಿಜ ಹೇಳಬೇಕೆಂದರೆ, ದುಡ್ಡಿದ್ದರೆ 16ಎಸ್ ಬರೀ ಯಾರ ಜೊತೆ ಹೋಲಿಸಬೇಕು ಅಂತ ತಿಳಿಯಲು ಸಾಕು.

ಯಾರ ಜೊತೆ ಅನ್ನುವುದೂ ಮುಖ್ಯ. ಬ್ಲಾಸ್ಟ್‌ನಲ್ಲಿ (ಡಿಎನ್ಎ ಹೋಲಿಸಿ ಹುಡುಕುವ ಸಾಧನ) ಮೊದಲು ಬಂದ ಸಾಲನ್ನು ಸುಮ್ನೆ ನಂಬಬೇಡಿ, ಅದಕ್ಕೆ ಯಾರೋ ತಪ್ಪು ಹೆಸರು ಕೊಟ್ಟಿರಬಹುದು. ಟೈಪ್ ಸ್ಟ್ರೇನ್‌ಗಳ (ಪ್ರಭೇದದ ಹೆಸರಿಗೆ ಆಧಾರವಾದ ಮೂಲ ಮಾದರಿಗಳ) ಜೊತೆಗಷ್ಟೇ ಹೋಲಿಸಿ. ಇಝಡ್‌ಬಯೋಕ್ಲೌಡ್ (EzBioCloud) ಎಂಬ ಜಾಲತಾಣ ಈ ಕೆಲಸ ಬೇಗ ಮುಗಿಸುತ್ತದೆ.

ಕೊಬ್ಬಿನಾಮ್ಲ, ಮೆನಾಕ್ವಿನೋನ್ (ಕೋಶಪೊರೆಯ ಒಂದು ಅಣು), ಕೋಶಭಿತ್ತಿಯ ಅಮೈನೋ ಆಮ್ಲ ಇವೆಲ್ಲದರ ಪರೀಕ್ಷೆ ಪಟ್ಟಿ ನೋಡಿ ಮಾಡುವ ಕೆಲಸ. ಕೊನೆಗೆ ಜೀವಂತ ಕಲ್ಚರನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು. ಒಂದು ಪುಣೆಯಲ್ಲೋ ಚಂಡೀಗಢದಲ್ಲೋ, ಇನ್ನೊಂದು ಜಪಾನ್ ಅಥವಾ ಜರ್ಮನಿಯಲ್ಲಿ. ಎರಡೂ ಕಡೆಯ ಪ್ರಮಾಣಪತ್ರ ಕೈಗೆ ಬರದೆ ಹೊಸ ಹೆಸರಿಗೆ ಮಾನ್ಯತೆ ಸಿಗುವುದಿಲ್ಲ.