ಉಪ್ಪು ಒಂದು ಕಡೆ, ಕರಿಹೊಯಿಗೆ ಇನ್ನೊಂದು ಕಡೆ

ಮಳೆಗಾಲದ ತೆರೆಗಳು ದಡವನ್ನು ಕೊರೆದು ಹೋದ ಮೇಲೆ ಕಾಸರಗೋಡಿನ ಕಡಲ ಬದಿಯಲ್ಲಿ ಅಲ್ಲಲ್ಲಿ, ಅದರಲ್ಲೂ ಹೊಳೆಗಳ ಅಳಿವೆಯ ಆಸುಪಾಸಿನಲ್ಲಿ, ಬಿಳಿ ಹೊಯಿಗೆಯ ಮೇಲೆ ಕಾಡಿಗೆ ಎಳೆದಂತೆ ಕಪ್ಪು ಗೆರೆಗಳು ಕಾಣಿಸುತ್ತವೆ. ಒಂದು ಹಿಡಿ ಎತ್ತಿದರೆ ಭಾರದಲ್ಲೇ ವ್ಯತ್ಯಾಸ ತಿಳಿಯುತ್ತದೆ. ಸಾಮಾನ್ಯ ಹೊಯಿಗೆಯ ಬಹುಪಾಲು ಕ್ವಾರ್ಟ್ಜ್, ನೀರಿಗಿಂತ 2.65 ಪಟ್ಟು ಭಾರ. ಕಪ್ಪು ಕಣಗಳಲ್ಲಿರುವ ಕಬ್ಬಿಣದ ಖನಿಜಗಳಾದ ಇಲ್ಮನೈಟ್ ಸುಮಾರು 4.7 ಪಟ್ಟು, ಮ್ಯಾಗ್ನೆಟೈಟ್ 5.2 ಪಟ್ಟು. ಗೆರಸೆಯಲ್ಲಿ ಗೇರಿದಾಗ ಉಮಿ ಹಾರಿ ಅಕ್ಕಿ ಉಳಿಯುವ ಹಾಗೆ, ಹಿಂದೆ ಸರಿಯುವ ತೆರೆ ಹಗುರವಾದದ್ದನ್ನು ಎಳೆದೊಯ್ದು ಭಾರದ್ದನ್ನು ಬಿಟ್ಟುಹೋಗುತ್ತದೆ. ಸ್ನಾನಕ್ಕಿಳಿದವರ ಬೆರಳಿನಿಂದ ಜಾರಿದ ಉಂಗುರಕ್ಕೂ ಇದೇ ಗತಿ. 22 ಕ್ಯಾರೆಟ್ ಚಿನ್ನ ನೀರಿಗಿಂತ 17 ಪಟ್ಟಿಗೂ ಹೆಚ್ಚು ಭಾರ. ಹಾಗಾಗಿ ಬಂಗಾರ ಸೇರುವ ಜಾಗವೂ ಕರಿಹೊಯಿಗೆ ಕೂಡುವ ಜಾಗವೂ ಬಹಳ ಸಲ ಒಂದೇ. ಮೆಟಲ್ ಡಿಟೆಕ್ಟರ್ ಹೆಚ್ಚು ತಡವರಿಸುವುದೂ ಅಲ್ಲೇ.

ಕೈಯಲ್ಲಿ ಹಿಡಿಯುವ ಹೆಚ್ಚಿನ ಡಿಟೆಕ್ಟರುಗಳ ತಳದ ಕಾಯಿಲ್‌ನಲ್ಲಿ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದರಲ್ಲಿ ಸೆಕೆಂಡಿಗೆ ಸಾವಿರಾರು ಸಲ, ಸಾಮಾನ್ಯವಾಗಿ 5ರಿಂದ 20 ಕಿಲೋಹರ್ಟ್ಸ್‌ನಲ್ಲಿ, ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಅದರ ಕಾಂತಕ್ಷೇತ್ರ ನೆಲಕ್ಕಿಳಿದು ಅಲ್ಲಿರುವ ಲೋಹದಲ್ಲಿ ಸುಳಿಯಂತೆ ಸುತ್ತುವ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ಸುಳಿವಿದ್ಯುತ್ತು ಮರಳಿ ಕಳಿಸುವ ಸಂಕೇತವನ್ನು ಎರಡನೆಯ ಸುರುಳಿ ಹಿಡಿಯುತ್ತದೆ. ಸಂಕೇತ ಎಷ್ಟು ಜೋರು ಎನ್ನುವಷ್ಟೇ ಎಷ್ಟು ತಡವಾಗಿ ಬಂತು ಎಂಬುದೂ ಮುಖ್ಯ. ಈ ತಡವನ್ನು ಫೇಸ್ ಎನ್ನುತ್ತಾರೆ, ಡಿಗ್ರಿಯಲ್ಲಿ ಅಳೆಯುತ್ತಾರೆ.

ಮ್ಯಾಗ್ನೆಟೈಟ್ ಕಣಗಳಲ್ಲಿ ಸುಳಿವಿದ್ಯುತ್ತು ಹುಟ್ಟುವುದು ತೀರಾ ಕಡಿಮೆ. ಅವು ಕಾಯಿಲ್‌ನ ಕ್ಷೇತ್ರ ಏರಿದರೆ ತಾವೂ ಏರುವ, ಇಳಿದರೆ ಇಳಿಯುವ ಪುಟ್ಟ ಅಯಸ್ಕಾಂತಗಳು. ಅವುಗಳ ಉತ್ತರದಲ್ಲಿ ತಡವಿಲ್ಲ. ಉಪ್ಪುನೀರಿನ ಕತೆ ಬೇರೆ. ಅದರಲ್ಲಿ ವಿದ್ಯುತ್ ಹರಿಯುತ್ತದೆ, ಆದರೆ ತಾಮ್ರದಲ್ಲಿ ಹರಿಯುವುದಕ್ಕಿಂತ ಸುಮಾರು ಒಂದು ಕೋಟಿ ಪಟ್ಟು ಕಡಿಮೆ ಸಲೀಸಾಗಿ. ಹಾಗಿದ್ದರೂ ಕಾಯಿಲ್‌ನ ಕೆಳಗೆ ಬಕೆಟ್‌ಗಟ್ಟಲೆ ಒದ್ದೆ ಹೊಯಿಗೆ ಇರುವುದರಿಂದ ಅದೆಲ್ಲ ಸೇರಿ ಯಂತ್ರಕ್ಕೆ ದೊಡ್ಡ ಸದ್ದಾಗಿ ಕೇಳಿಸುತ್ತದೆ. ಈ ಸದ್ದಿನ ಫೇಸ್ ಮ್ಯಾಗ್ನೆಟೈಟ್‌ನದ್ದಕ್ಕಿಂತ ಸುಮಾರು 90 ಡಿಗ್ರಿ ಬೇರೆ. ಒಂದೇ ಫ್ರೀಕ್ವೆನ್ಸಿಯ, ಎಂದರೆ ಒಂದೇ ಕಿಲೋಹರ್ಟ್ಸ್ ಅಳತೆಯಲ್ಲಿ ಕೆಲಸ ಮಾಡುವ, ಯಂತ್ರದಲ್ಲಿ ಗ್ರೌಂಡ್ ಬ್ಯಾಲೆನ್ಸ್ ಎಂಬ ಗುಂಡಿ ಯಾವುದಾದರೂ ಒಂದು ಫೇಸ್‌ಗೆ ಮಾತ್ರ ಕಿವಿ ಮುಚ್ಚಬಲ್ಲದು. ಕರಿಹೊಯಿಗೆಗೆ ಮುಚ್ಚಿದರೆ ಉಪ್ಪು ಕಿರುಚುತ್ತದೆ, ಉಪ್ಪಿಗೆ ಮುಚ್ಚಿದರೆ ಕರಿಹೊಯಿಗೆ. ನೆಲದ ಫೇಸನ್ನು 0ರಿಂದ 100ರ ಅಳತೆಯಲ್ಲಿ ತೋರಿಸುವ ಕೆಲವು ಯಂತ್ರಗಳಲ್ಲಿ ಒದ್ದೆ ಉಪ್ಪು 0–10ರಲ್ಲಿ, ಕೆಂಪು ಮಣ್ಣು 40–75ರಲ್ಲಿ, ಮ್ಯಾಗ್ನೆಟೈಟ್ 75–95ರಲ್ಲಿ ಬರುತ್ತದೆ.

ಇದಕ್ಕಿಂತ ಕಠಿಣವಾದ ತೊಡಕು ಚಿನ್ನದ್ದೇ. ದಪ್ಪ ಉಂಗುರ ಅಥವಾ ಬಳೆಯಲ್ಲಿ ಸುಳಿವಿದ್ಯುತ್ತು ಸಲೀಸಾಗಿ ಸುತ್ತುತ್ತದೆ, ಅದರ ಫೇಸ್ ಉಪ್ಪಿನಿಂದ ದೂರವಿರುತ್ತದೆ. ತೆಳು ಸರ ಹಾಗಲ್ಲ. ಒಂದು ಪವನಿನ, ಎಂದರೆ 8 ಗ್ರಾಂನ ಸರವಾದರೂ ಯಂತ್ರಕ್ಕೆ ಕಾಣುವುದು 8 ಗ್ರಾಂ ಚಿನ್ನವಲ್ಲ. ಒಂದಕ್ಕೊಂದು ಸರಿಯಾಗಿ ತಾಗದ ನೂರಾರು ಸಣ್ಣ ಕೊಂಡಿಗಳು. ಪ್ರತಿ ಕೊಂಡಿಯಲ್ಲೂ ಸುಳಿವಿದ್ಯುತ್ತು ಕ್ಷೀಣ, ಫೇಸ್ ಬಹುಮಟ್ಟಿಗೆ ಉಪ್ಪುನೀರಿನದ್ದೇ. ಉಪ್ಪನ್ನು ಅಳಿಸಿದ ಯಂತ್ರ ಸರವನ್ನೂ ಅಳಿಸುತ್ತದೆ. ಕರಿಮಣಿ ಸರವಾದರೆ ಮಣಿಗಳಿಂದ ಏನೂ ಬರುವುದಿಲ್ಲ, ಗಟ್ಟಿಯಾದ ತಾಳಿಯೇ ಗತಿ. ಒಡೆದ ಉಂಗುರವೂ ಹೀಗೆಯೇ: ಸುತ್ತು ತುಂಡಾದಲ್ಲಿ ವಿದ್ಯುತ್ತಿನ ದಾರಿಯೂ ತುಂಡಾಗಿ ಸಂಕೇತ ಬಹಳ ಇಳಿಯುತ್ತದೆ. ಕಳೆದುಕೊಂಡವರು ಯಂತ್ರ ತಂದವರಿಗೆ ಮೊದಲು ಹೇಳಬೇಕಾದದ್ದು ತೂಕವನ್ನಲ್ಲ, ಆಕಾರವನ್ನು.

ಹುಡುಕುವ ಮೊದಲು ಹೊಯಿಗೆಯನ್ನು ಪರೀಕ್ಷಿಸಿ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು ಒಣಗಿದ ಕರಿಹೊಯಿಗೆಯ ಮೇಲೆ ಆಡಿಸಬೇಕು. ಹಾರಿಬಂದು ಮೀಸೆಯಂತೆ ನಿಂತರೆ ಮ್ಯಾಗ್ನೆಟೈಟ್ ಹೇರಳವಾಗಿದೆ ಎಂದರ್ಥ. ಹೆಚ್ಚಿನದು ನೆಲದಲ್ಲೇ ಉಳಿದರೆ ಅದು ಬಹುಶಃ ಇಲ್ಮನೈಟ್. ಅದರ ಕಾಂತಗುಣ ದುರ್ಬಲ, ಯಂತ್ರಕ್ಕೆ ಅಷ್ಟು ಕಾಟವಿಲ್ಲ.

ಒಂದೇ ಫ್ರೀಕ್ವೆನ್ಸಿಯ ಯಂತ್ರ ಮಾತ್ರ ಇದ್ದರೆ ಒಣ ಹೊಯಿಗೆಯಿಂದ ಶುರುಮಾಡುವುದು ಒಳ್ಳೆಯದು. ಲೋಹವಿಲ್ಲದ ಜಾಗ ನೋಡಿ, ಕಾಯಿಲನ್ನು ನೆಲದಿಂದ 5 ಸೆಂ.ಮೀ.ನಿಂದ 30 ಸೆಂ.ಮೀ.ವರೆಗೆ ಎತ್ತಿ ಇಳಿಸುತ್ತ, ಸದ್ದಿನಲ್ಲಿ ಏರಿಳಿತ ನಿಲ್ಲುವವರೆಗೆ ಬ್ಯಾಲೆನ್ಸ್ ಹೊಂದಿಸಬೇಕು. ಒದ್ದೆ ಜಾಗಕ್ಕೆ ಬಂದಾಗ ಇದನ್ನು ಮತ್ತೊಮ್ಮೆ ಮಾಡಬೇಕು. ಆಮೇಲೆ ನೀರಿನ ಅಂಚಿಗೆ ಸಮಾಂತರವಾಗಿ ನಡೆಯಬೇಕು. ಅಡ್ಡ ನಡೆದರೆ ಪ್ರತಿ ಹೆಜ್ಜೆಗೂ ಉಪ್ಪಿನ ಪ್ರಮಾಣ ಬದಲಾಗಿ ಹೊಂದಿಸಿದ್ದು ಕೆಡುತ್ತದೆ. ಕಾಯಿಲ್‌ನ ಎತ್ತರವೂ ಒಂದೇ ಸಮ ಇರಬೇಕು. ಸದ್ದು ನಿಲ್ಲದಿದ್ದರೆ ಸೆನ್ಸಿಟಿವಿಟಿ ಇಳಿಸಿ. ಆಳ ಕಡಿಮೆಯಾಗುತ್ತದೆಂದು ಹೆದರಿ ಅದನ್ನು ಏರಿಸಿಯೇ ಇಡುವವರು ಹೆಚ್ಚು. ಆದರೆ ಕಿರುಚಾಟದ ನಡುವೆ ಹುದುಗಿಹೋದ ಸಂಕೇತ ಹೇಗೂ ಕೇಳಿಸುವುದಿಲ್ಲ. ಸಣ್ಣ ಕಾಯಿಲ್ ಇನ್ನೂ ಉತ್ತಮ, ಏಕೆಂದರೆ ಅದು ಒಮ್ಮೆಗೆ ನೋಡುವ ಹೊಯಿಗೆಯೇ ಕಡಿಮೆ. ತಾನಾಗಿ ಬ್ಯಾಲೆನ್ಸ್ ಮಾಡಿಕೊಳ್ಳುವ ಟ್ರ್ಯಾಕಿಂಗ್ ಇದ್ದರೆ ಒಂದು ಎಚ್ಚರ: ಒಂದೇ ಜಾಗದ ಮೇಲೆ ಹತ್ತಾರು ಸಲ ಬೀಸಿದರೆ ಯಂತ್ರ ಉಂಗುರವನ್ನೇ ನೆಲವೆಂದು ತಿಳಿದು ಅಳಿಸಿಬಿಡಬಹುದು.

ಹಲವು ಫ್ರೀಕ್ವೆನ್ಸಿಗಳ ಯಂತ್ರಗಳು ಈ ಗಂಟನ್ನು ಜಾಣತನದಿಂದ ಬಿಡಿಸುತ್ತವೆ. ಕಾಯಿಲ್ ಕಳಿಸಿದ್ದಕ್ಕೆ ಹೋಲಿಸಿ ನೋಡಿದರೆ ಮ್ಯಾಗ್ನೆಟೈಟ್‌ನ ಉತ್ತರ ಯಾವ ಫ್ರೀಕ್ವೆನ್ಸಿಯಲ್ಲೂ ಹೆಚ್ಚುಕಡಿಮೆ ಒಂದೇ. ಉಪ್ಪುನೀರಿನದ್ದು ಫ್ರೀಕ್ವೆನ್ಸಿ ಏರಿದಂತೆ ಏರುತ್ತದೆ. ಎರಡು ಫ್ರೀಕ್ವೆನ್ಸಿಗಳಲ್ಲಿ ಒಟ್ಟಿಗೆ ಅಳೆದರೆ ಸರಿಯಾದ ಪ್ರಮಾಣದಲ್ಲಿ ಕೂಡಿಸಿ ಕಳೆದು ಎರಡನ್ನೂ ಸೊನ್ನೆ ಮಾಡಬಹುದು. ಡಿಟೆಕ್ಟರ್ ತಯಾರಿಸುವ ಫಿಶರ್ ಕಂಪನಿಯ ಸಿಜೆಡ್ ಸರಣಿ 5 ಮತ್ತು 15 ಕಿಲೋಹರ್ಟ್ಸ್ ಬಳಸಿತು. ಮೈನ್‌ಲ್ಯಾಬ್ ಕಂಪನಿಯ ಬಿಬಿಎಸ್ ತಂತ್ರ 1.5ರಿಂದ 25.5 ಕಿಲೋಹರ್ಟ್ಸ್‌ವರೆಗೆ 17 ಫ್ರೀಕ್ವೆನ್ಸಿಗಳನ್ನು ಬಳಸಿತು. ಕಳೆಯುವಾಗ ಚಿನ್ನದ ಸಂಕೇತದಿಂದಲೂ ಸ್ವಲ್ಪ ಹೋಗುತ್ತದೆ. ಒದ್ದೆ ಕಡಲ ಬದಿಯಲ್ಲಿ ಒಣ ನೆಲದಷ್ಟು ಆಳ ಸಿಗದಿರುವುದಕ್ಕೆ ಇದೊಂದು ಕಾರಣ.

ಪಲ್ಸ್ ಇಂಡಕ್ಷನ್ ಯಂತ್ರದ ದಾರಿಯೇ ಬೇರೆ. ಅದು ಜೋರಾದ ವಿದ್ಯುತ್ ಹರಿಸಿ ತಟ್ಟನೆ ಕಡಿದು, 10–15 ಮೈಕ್ರೋಸೆಕೆಂಡ್ ಸುಮ್ಮನಿದ್ದು, ಆಮೇಲೆ ಕಿವಿಗೊಡುತ್ತದೆ. ಅಷ್ಟರಲ್ಲಿ ಮ್ಯಾಗ್ನೆಟೈಟ್ ಸುಮ್ಮನಾಗಿರುತ್ತದೆ, ಉಪ್ಪುನೀರಿನ ಸುಳಿಯೂ ಅಡಗಿರುತ್ತದೆ. ಉಂಗುರದ ಸುಳಿ ಇನ್ನೂ ಸುತ್ತುತ್ತಿರುತ್ತದೆ. ಕರಿಹೊಯಿಗೆ ದಪ್ಪಗೆ ಕೂತ ಜಾಗದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ತೆಳು ಸರದ ಸುಳಿಯೂ ಆ ಕೆಲವೇ ಮೈಕ್ರೋಸೆಕೆಂಡಿನಲ್ಲಿ ಅಡಗುತ್ತದೆ. ಕಾಯುವ ಹೊತ್ತನ್ನು ಕಡಿಮೆ ಮಾಡಿದರೆ ಉಪ್ಪು ಮರಳಿ ಬರುತ್ತದೆ. ಮೊಳೆ, ದೋಣಿಯ ತುಕ್ಕುಹಿಡಿದ ಬೋಲ್ಟು, ಉಂಗುರ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಸದ್ದು, ಎಲ್ಲವನ್ನೂ ತೋಡಲೇಬೇಕು.

ಕಾಸರಗೋಡಿನಲ್ಲಿ ಮೂರನೆಯ ಸಮಸ್ಯೆಯೊಂದಿದೆ: ಮುರಕಲ್ಲು. ಗುಡ್ಡಗಳಿಂದ ಚಂದ್ರಗಿರಿ, ಶಿರಿಯ, ಉಪ್ಪಳ ಹೊಳೆಗಳು ಕಡಲಿಗೆ ತರುವ ಕೆಂಪುಕಲ್ಲಿನ ಚೂರುಗಳಲ್ಲಿ ಕಬ್ಬಿಣದ ಅತಿ ಸೂಕ್ಷ್ಮ ಕಾಂತಕಣಗಳಿರಬಹುದು. ಇವು ಕ್ಷೇತ್ರ ನಿಂತೊಡನೆ ಸುಮ್ಮನಾಗುವುದಿಲ್ಲ, ನಿಧಾನವಾಗಿ ಸಡಿಲಗೊಳ್ಳುತ್ತವೆ. ಮ್ಯಾಗ್ನೆಟೈಟನ್ನು ಗೆದ್ದ ಪಲ್ಸ್ ಯಂತ್ರ ಇಲ್ಲಿ ಮೋಸ ಹೋಗುತ್ತದೆ. ಬೆಂಕಿಯಲ್ಲಿ ಬೆಂದ ಮಂಗಳೂರು ಹೆಂಚಿನ ಚೂರುಗಳೂ ಹೀಗೇ ಸದ್ದು ಮಾಡುತ್ತವೆ. ಕಾಯಿಲನ್ನು ಒಂದು ಗೇಣು ಎತ್ತಿದೊಡನೆ ಸದ್ದು ಪೂರಾ ಕುಸಿದರೆ ಮೇಲ್ಪದರದ ಕಲ್ಲು ಅಥವಾ ಹೆಂಚು ಎಂದು ಶಂಕಿಸಬಹುದು. ಆದರೆ ಸಣ್ಣ ಬಂಗಾರವೂ ಹಾಗೆಯೇ ಕುಸಿಯುತ್ತದೆ, ಆದ್ದರಿಂದ ತೋಡದೆ ಮುಂದೆ ಹೋಗಬಾರದು.

ಕಬ್ಬಿಣವನ್ನು ತಳ್ಳಿಹಾಕುವ ಡಿಸ್ಕ್ರಿಮಿನೇಶನ್ ಹಾಕಿಕೊಂಡರೆ ನಮ್ಮ ನಾಣ್ಯಗಳೂ ಹೋಗುತ್ತವೆ. 1992ರಿಂದ ಬಂದ ಒಂದು ರೂಪಾಯಿ ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನದ್ದು. ಕರಿಹೊಯಿಗೆಯಲ್ಲಿ ಡಿಸ್ಕ್ರಿಮಿನೇಶನ್ ಇನ್ನೂ ಅಪಾಯಕರ, ಆಳದ ಚಿನ್ನಕ್ಕೂ ಅದು ಕಬ್ಬಿಣದ ಗುರುತು ಹಚ್ಚಿಬಿಡುತ್ತದೆ.

ಬೇಕಲ ಕೋಟೆ ಸಂರಕ್ಷಿತ ಸ್ಮಾರಕ, ಅದರ ಆವರಣದಲ್ಲಿ ನೆಲ ಅಗೆಯುವಂತಿಲ್ಲ. ನೆಲದಲ್ಲಿ ಹುದುಗಿದ ನಿಧಿ ಸಿಕ್ಕರೆ 1968ರ ಕೇರಳ ನಿಧಿ ಕಾಯಿದೆಯಂತೆ ಕಲೆಕ್ಟರರಿಗೆ ತಿಳಿಸಬೇಕು. ತೋಡಿದ ಗುಂಡಿಯನ್ನು ಮುಚ್ಚಲೇಬೇಕು, ನೀಲೇಶ್ವರದ ತೈಕಡಪ್ಪುರದಂತಹ ಕಡೆ ಕಡಲಾಮೆಗಳು ಮೊಟ್ಟೆಯಿಡಲು ದಡ ಹತ್ತುತ್ತವೆ.

ಮನೆಗೆ ಬಂದ ಮೇಲೆ ಕಾಯಿಲ್‌ನ ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಬೇಕು. ಅದರೊಳಗೆ ಹೊಕ್ಕ ಕರಿಹೊಯಿಗೆ ಕಾಯಿಲ್‌ನ ಜೊತೆಗೇ ಅಲುಗಾಡುತ್ತಿದ್ದರೆ ಮರುದಿನ ಯಂತ್ರ ಎಲ್ಲಿ ಹೋದರೂ ಸುಳ್ಳು ಸದ್ದು ಮಾಡುತ್ತದೆ. ದಂಡಕ್ಕೆ ಸುತ್ತಿದ ಕೇಬಲ್ ಸಡಿಲವಾಗಿದ್ದರೂ ಅದೇ ತೊಂದರೆ.