ಕುದುರೆ ಮುಖದ ಹಿಂದಿನ ಕೆಂಪು ಎಲ್ಲಿ ಹೋಯಿತು?

ಚಳಿಗಾಲ ಬಂತೆಂದರೆ ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ನಮ್ಮ ಕ್ಯಾಮೆರಾ ರಿಪೇರಿ ಅಂಗಡಿಗೆ ಒಂದೇ ತಕರಾರು ಬೇರೆ ಬೇರೆ ಬಾಯಿಂದ ಬರುತ್ತದೆ. “ಸರ, ಕುದುರಿ ಮುಖ ಕಾಣವಲ್ದು. ಹಿಂದಿನ ಕೆಂಪು ಬಂದೇ ಇಲ್ಲ. ಸೆನ್ಸರ್ ಹೋಗ್ಯದೇನ್ರಿ?” ಕೇಳುವವರು ಹೆಚ್ಚಾಗಿ ಮದುವೆ ಫೋಟೋಗ್ರಾಫರುಗಳು, ಇಲ್ಲವೇ ಎಂಜಿನಿಯರಿಂಗ್ ಓದುವ ಹುಡುಗರು. ಮಹಾವ್ಯಾಧ (ಓರಾಯನ್) ನಕ್ಷತ್ರಪುಂಜದ ನಡುಪಟ್ಟಿಯ ಪಕ್ಕದಲ್ಲಿರುವ ಕುದುರೆ ಮುಖದ ನೀಹಾರಿಕೆ ಅಸಲಿಗೆ ಕಪ್ಪು ಧೂಳಿನ ಮೋಡ. ಹಿಂದೆ ಹೈಡ್ರೋಜನ್ ಅನಿಲ ಕೆಂಪಗೆ ಹೊಳೆಯುವುದರಿಂದಲೇ ಅದಕ್ಕೊಂದು ಆಕಾರ. ಆ ಕೆಂಪು ದಾಖಲಾಗದಿದ್ದರೆ ಕುದುರೆಯೂ ಇಲ್ಲ.

ಸೆನ್ಸರಿಗೆ ಏನೂ ಆಗಿರುವುದಿಲ್ಲ. ಕೆಂಪನ್ನು ತಡೆದದ್ದು ಸೆನ್ಸರಿನ ಮುಂದೆ ಕಂಪನಿಯವರೇ ಕೂಡಿಸಿದ ತೆಳು ಗಾಜು.

ಸೆನ್ಸರ್ ಮಾಡಿರುವುದು ಸಿಲಿಕಾನಿನಿಂದ, ಅದಕ್ಕೆ ಬಣ್ಣದ ಪರಿಚಯವೇ ಇಲ್ಲ. ಹೀರಿಕೊಂಡ ಪ್ರತಿ ಫೋಟಾನಿಗೆ, ಅಂದರೆ ಬೆಳಕಿನ ಕಣಕ್ಕೆ, ಅದು ಒಂದು ಎಲೆಕ್ಟ್ರಾನ್ ಬಿಡುತ್ತದೆ, ಕೊನೆಗೆ ಎಷ್ಟು ಕೂಡಿದವೆಂದು ಲೆಕ್ಕ ಒಪ್ಪಿಸುತ್ತದೆ. ತೊಗರಿ ಮಂಡಿಯ ತಕ್ಕಡಿಗೆ ಚೀಲದ ತೂಕ ಗೊತ್ತು, ಅದು ಯಾವ ಹೊಲದ್ದೆಂದು ಗೊತ್ತಿಲ್ಲ, ಇದೂ ಹಾಗೆಯೇ. ಬಣ್ಣ ಬೇಕೆಂದರೆ ತೂಗುವ ಮೊದಲೇ ವಿಂಗಡಿಸಬೇಕು. ಕೊಡಕ್ ಕಂಪನಿಯ ಬ್ರೈಸ್ ಬೇಯರ್ ಇದಕ್ಕೊಂದು ದಾರಿ ಕಂಡುಕೊಂಡರು, 1976ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಪ್ರತಿ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡರ ಮೇಲೆ ಹಸಿರು, ಒಂದರ ಮೇಲೆ ಕೆಂಪು, ಒಂದರ ಮೇಲೆ ನೀಲಿ ಫಿಲ್ಟರ್. ಪ್ರತಿ ಪಿಕ್ಸೆಲ್ ಅಳೆಯುವುದು ಒಂದೇ ಬಣ್ಣ. ಉಳಿದೆರಡನ್ನು ಸಾಫ್ಟ್‌ವೇರ್ ಅಕ್ಕಪಕ್ಕದವರನ್ನು ಕೇಳಿ ಊಹಿಸುತ್ತದೆ. ನೀವು ನೋಡುವ ಯಾವುದೇ ಕಲರ್ ಫೋಟೋದಲ್ಲಿ ಮೂರನೇ ಎರಡು ಪಾಲು ಬಣ್ಣದ ಮಾಹಿತಿ ಲೆಕ್ಕ ಹಾಕಿ ತುಂಬಿದ್ದು.

ಇನ್ನು ಆ ಗಾಜಿನ ಕಥೆ. ಸಿಲಿಕಾನ್ ಸುಮಾರು 1100 ನ್ಯಾನೊಮೀಟರ್ ತರಂಗಾಂತರದವರೆಗೂ, ಅಂದರೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕಿಗೂ ಸ್ಪಂದಿಸುತ್ತದೆ. ಅದನ್ನು ಹಾಗೇ ಬಿಟ್ಟರೆ ತೊಗರಿ ಹೊಲದ ಹಸಿರು ಗುಲಾಬಿಗೆ ತಿರುಗುತ್ತದೆ, ಮದುಮಗನ ಕಪ್ಪು ಸಿಂಥೆಟಿಕ್ ಶೇರ್ವಾನಿ ಕಂದಾಗುತ್ತದೆ. ಆದ್ದರಿಂದ ಕಂಪನಿಯವರು ಅವಕೆಂಪನ್ನು ತಡೆಯುವ ಗಾಜು ಹಾಕುತ್ತಾರೆ. ಆದರೆ ಆ ಗಾಜು ಗೋಡೆ ಕಟ್ಟಿದಂತೆ ಒಮ್ಮೆಲೇ ತಡೆಯುವುದಿಲ್ಲ. ಕಡುಗೆಂಪಿನಿಂದಲೇ ಮೆಲ್ಲಗೆ ಇಳಿಜಾರು ಶುರುವಾಗುತ್ತದೆ. ನಮ್ಮ ಕಣ್ಣೂ ಕಡುಗೆಂಪಿಗೆ ಮಂದವೇ ಆದ್ದರಿಂದ ಮನುಷ್ಯರ ಮುಖದ ಬಣ್ಣ ಸಹಜವಾಗಿ ಬರಲು ಹಾಗಿರುವುದೇ ಸರಿ. ನೀಹಾರಿಕೆಯ ಆ ಕೆಂಪು, ಅಂದರೆ ಹೈಡ್ರೋಜನ್ ಆಲ್ಫಾ ಬೆಳಕು, ಬರುವುದು 656.3 ನ್ಯಾನೊಮೀಟರ್‌ನಲ್ಲಿ, ಆ ಇಳಿಜಾರಿನ ನಡುವೆ. ಸಾಮಾನ್ಯ ಕ್ಯಾಮೆರಾದಲ್ಲಿ ಅದರ ನಾಲ್ಕನೇ ಒಂದು ಪಾಲಿನ ಆಸುಪಾಸು ಮಾತ್ರ ಸೆನ್ಸರ್ ಮುಟ್ಟುತ್ತದೆ, ಮುಟ್ಟಿದ್ದೂ ನಾಲ್ಕರಲ್ಲಿ ಒಂದು ಪಿಕ್ಸೆಲ್‌ಗೆ. ಓರಾಯನ್‌ನ ದೊಡ್ಡ ನೀಹಾರಿಕೆ ಇದೇ ಕ್ಯಾಮೆರಾದಲ್ಲಿ ಚೆನ್ನಾಗಿ ಬರುತ್ತದಲ್ಲ ಎನ್ನುತ್ತಾರೆ. ಅದು ಬಹಳ ಪ್ರಕಾಶದ್ದು. ಜೊತೆಗೆ ಆಮ್ಲಜನಕದ 500.7ರ ಬೆಳಕು, ಹೈಡ್ರೋಜನ್ ಬೀಟಾದ 486.1, ಧೂಳಿನಿಂದ ಪ್ರತಿಫಲಿಸಿದ ನೀಲಿ, ಎಲ್ಲವೂ ಅದರಲ್ಲಿವೆ. ಕುದುರೆ ಮುಖದ ಹಿಂದೆ ಇರುವುದು ಬಹುಪಾಲು ಆಲ್ಫಾ.

ಕಂಪನಿಗಳಿಗೂ ಇದು ಗೊತ್ತಿದೆ. ಕ್ಯಾನನ್ 2005ರಲ್ಲಿ 20ಡಿಎ, 2012ರಲ್ಲಿ 60ಡಿಎ, ನಿಕಾನ್ 2015ರಲ್ಲಿ ಡಿ810ಎ ತಂದವು. ಗಾಜು ಬೇರೆ ಇದ್ದ, ಆಕಾಶಕ್ಕೆಂದೇ ಮಾಡಿದ ಮಾದರಿಗಳು.

ಇಷ್ಟು ಹೇಳಿದ ಮೇಲೆ ಬರುವ ಮಾತು: “ಹಂಗಾದ್ರ ಗಾಜು ತೆಗದ್ ಕೊಡ್ರಿ.” ತೆಗೆಯಬಹುದು. ಗಾಜು ಹೋದ ಜಾಗದಲ್ಲಿ ಬೇರೆ ಗಾಜು ಕೂಡಿಸದಿದ್ದರೆ ಫೋಕಸ್ ತಪ್ಪುತ್ತದೆ. ಕೂಡಿಸಿದರೂ ಹಗಲಿನ ಚಿತ್ರ ಕೆಂಪಡರುತ್ತದೆ, ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ವೈಟ್ ಬ್ಯಾಲೆನ್ಸ್ ಕೈಯಾರೆ ಹೊಂದಿಸಬೇಕು. ಪೂರ್ತಿ ಬೋಳು ಮಾಡಿದರೆ ಲೆನ್ಸಿನಲ್ಲಿ ಅವಕೆಂಪು ಬೇರೆ ಜಾಗದಲ್ಲಿ ಫೋಕಸ್ ಆಗಿ ನಕ್ಷತ್ರಗಳು ಊದಿಕೊಳ್ಳುತ್ತವೆ. ಅದೇ ಕ್ಯಾಮೆರಾದಲ್ಲಿ ಮದುವೆ ಆರ್ಡರ್ ಹಿಡಿಯುವವರಿಗೆ ನಾನು ಬೇಡ ಎನ್ನುತ್ತೇನೆ. ಮೂಲೆಯಲ್ಲಿ ಬಿದ್ದ ಹಳೇ ಕ್ಯಾಮೆರಾ ಬಾಡಿ ಇದ್ದರೆ ತನ್ನಿ, ಅದಕ್ಕೆ ಮಾಡೋಣ.

ಆದರೆ ನಮ್ಮ ಭಾಗದಲ್ಲಿ ಗಾಜಿಗಿಂತ ಮೊದಲು ಯೋಚಿಸಬೇಕಾದದ್ದು ಬಿಸಿ. ಬೆಳಕು ಬೀಳದಿದ್ದರೂ ಶಾಖಕ್ಕೇ ಸೆನ್ಸರಿನಲ್ಲಿ ಎಲೆಕ್ಟ್ರಾನ್‌ಗಳು ಹುಟ್ಟುತ್ತವೆ. ಸುಮಾರು 6 ಡಿಗ್ರಿ ಬಿಸಿ ಏರಿದರೆ ಇವು ಎರಡು ಪಟ್ಟಾಗುತ್ತವೆ. 15 ಡಿಗ್ರಿ ವ್ಯತ್ಯಾಸವೆಂದರೆ ಐದಾರು ಪಟ್ಟು. ಕ್ಷೀರಪಥದ ನಡುಭಾಗ ರಾತ್ರಿ ಚೆನ್ನಾಗಿ ಕಾಣುವ ಏಪ್ರಿಲ್-ಮೇ ತಿಂಗಳಲ್ಲೇ ಕಲಬುರಗಿ, ಯಾದಗಿರಿಯ ಮಾಳಿಗೆಗಳು ನಡುರಾತ್ರಿಯವರೆಗೂ ಕಾದಿರುತ್ತವೆ. ಬೀದರಿನ ಡಿಸೆಂಬರ್ ರಾತ್ರಿಯಲ್ಲಿ ಅದೇ ಕ್ಯಾಮೆರಾ ಬೇರೆಯೇ ಕ್ಯಾಮೆರಾ.

ಈ ಬಿಸಿ ಬಣ್ಣವನ್ನೂ ಕೆಡಿಸುತ್ತದೆ. ಕೆಂಪು ಫಿಲ್ಟರಿನ ಕೆಳಗಿನ ಒಂದು ಪಿಕ್ಸೆಲ್ ಕಾದು ಸುಳ್ಳು ಲೆಕ್ಕ ಕೊಟ್ಟರೆ ಸಾಫ್ಟ್‌ವೇರ್ ಅದನ್ನು ನಂಬಿ ಚಂದದ ಕೆಂಪು ಚುಕ್ಕೆ ಬಿಡಿಸುತ್ತದೆ. ಅದನ್ನು ಆರಿದ್ರಾ ಪಕ್ಕದ ಹೊಸ ನಕ್ಷತ್ರವೆಂದು ತೋರಿಸಲು ಬಂದವರಿದ್ದಾರೆ! ಪರೀಕ್ಷೆ ಸುಲಭ: ಟ್ರೈಪಾಡಿನ ಮೇಲಿಟ್ಟು ತೆಗೆದ ಸಾಲು ಚಿತ್ರಗಳಲ್ಲಿ ನಕ್ಷತ್ರ ಸರಿಯುತ್ತದೆ, ಈ ಚುಕ್ಕೆ ಕೂತಲ್ಲೇ ಕೂತಿರುತ್ತದೆ. ವೈಟ್ ಬ್ಯಾಲೆನ್ಸ್ ಇದಕ್ಕೆ ಇನ್ನಷ್ಟು ತುಪ್ಪ ಸುರಿಯುತ್ತದೆ. ಹಗಲ ಬೆಳಕಿನ ಸೆಟ್ಟಿಂಗಿನಲ್ಲಿ ಹಲವು ಕ್ಯಾಮೆರಾಗಳು ಹಸಿರನ್ನು ಹಾಗೇ ಬಿಟ್ಟು ಕೆಂಪನ್ನು ಸುಮಾರು ಎರಡು ಪಟ್ಟು, ನೀಲಿಯನ್ನು ಒಂದೂವರೆ ಪಟ್ಟು ಹಿಗ್ಗಿಸುತ್ತವೆ. ಸುಳ್ಳು ಲೆಕ್ಕದ ಗದ್ದಲವೂ ಅಷ್ಟೇ ಹಿಗ್ಗಿ ಕತ್ತಲ ಆಕಾಶ ನೇರಳೆಗೆ ತಿರುಗುತ್ತದೆ. ಇದಕ್ಕೆ ಮದ್ದು ಡಾರ್ಕ್ ಫ್ರೇಮ್: ಮುಚ್ಚಳ ಹಾಕಿ, ಅದೇ ಐಎಸ್ಒ, ಅಷ್ಟೇ ಸೆಕೆಂಡು, ಅದೇ ಬಿಸಿಯಲ್ಲಿ ಒಂದು ಚಿತ್ರ ತೆಗೆದು, ಅದನ್ನು ಆಕಾಶದ ಚಿತ್ರದಿಂದ ಕಳೆಯುವುದು. ಮನೆಗೆ ಹೋಗಿ ಎಸಿ ರೂಮಿನಲ್ಲಿ ತೆಗೆದ ಡಾರ್ಕ್ ಫ್ರೇಮ್ ಉಪಯೋಗಕ್ಕೆ ಬಾರದು.

ಬೀದಿದೀಪಗಳ ವಿಷಯ. ಹಳದಿ ಸೋಡಿಯಂ ದೀಪದ ಬೆಳಕು ಬಹುಪಾಲು 589 ನ್ಯಾನೊಮೀಟರ್ ಸುತ್ತಮುತ್ತ ಇರುತ್ತಿತ್ತು, ಅದನ್ನಷ್ಟೇ ತಡೆಯುವ ಫಿಲ್ಟರ್ ಸಾಕಾಗುತ್ತಿತ್ತು. ಬಿಳಿ ಎಲ್‌ಇಡಿ ಬೆಳಕು 450ರ ಹತ್ತಿರ ನೀಲಿಯಲ್ಲೊಂದು ಮೊನೆ ಎತ್ತಿ, ಹಸಿರಿನಿಂದ ಕೆಂಪಿನವರೆಗೂ ಹರಡಿಕೊಳ್ಳುತ್ತದೆ. ಹಳೇ ಫಿಲ್ಟರ್ ಅದರ ಮುಂದೆ ನಿಲ್ಲದು. ಊರೊಳಗಿಂದಲೇ ತೆಗೆಯಬೇಕೆಂದರೆ ಆಲ್ಫಾ ಮತ್ತು ಆಮ್ಲಜನಕದ 500.7ರ ಬೆಳಕು ಎರಡನ್ನೇ ಬಿಡುವ ಫಿಲ್ಟರ್ ಕೊಳ್ಳಿ. ಕೆಂಪು ಪಿಕ್ಸೆಲ್‌ಗೆ ಆಲ್ಫಾ ಹೋಗುತ್ತದೆ. ಆಮ್ಲಜನಕ ಹಸಿರು-ನೀಲಿಗಳ ಗಡಿಯಲ್ಲಿರುವುದರಿಂದ ಎರಡೂ ಪಿಕ್ಸೆಲ್‌ಗಳು ಹಂಚಿಕೊಳ್ಳುತ್ತವೆ, ಹಾಗಾಗಿಯೇ ಚಿತ್ರದಲ್ಲಿ ಅದು ಹಸಿರುಗಲಿತ ನೀಲಿ. ಕೃತ್ತಿಕೆಯ ಸುತ್ತಲಿನ ನೀಲಿ ಮಂಜಿಗೆ, ಆಂಡ್ರೊಮಿಡಾ ಗ್ಯಾಲಕ್ಸಿಗೆ ಈ ಫಿಲ್ಟರ್ ದಂಡ. ಅವು ನಕ್ಷತ್ರಗಳ ಬೆಳಕು, ಎಲ್ಲ ಬಣ್ಣಕ್ಕೂ ಹರಡಿದ್ದು. ಅವಕ್ಕೆ ಕತ್ತಲೇ ಬೇಕು. ಸೇಡಂ, ಚಿತ್ತಾಪುರದ ಸಿಮೆಂಟ್ ಕಾರ್ಖಾನೆಗಳ ಬೆಳಕು-ಧೂಳು ದಾಟಿ ಚಿಂಚೋಳಿಯ ಕಡೆ ಹೋಗಿ. ಕಾಡಿನೊಳಗೆ ನಿಲ್ಲುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು.

ನಕ್ಷತ್ರಗಳ ಬಣ್ಣವನ್ನು ಯಾರೂ ಕೇಳುವುದಿಲ್ಲ, ನನಗೆ ಅದೇ ಬೇಸರ. ರೋಹಿಣಿ, ಆರಿದ್ರಾ, ಜ್ಯೇಷ್ಠಾ ಮೂರೂ ಕೆಂಪು-ಕಿತ್ತಳೆ, ಓರಾಯನ್‌ನ ರೈಗಲ್ ನೀಲಿಬಿಳಿ. ಎಲ್ಲರ ಚಿತ್ರದಲ್ಲೂ ಎಲ್ಲವೂ ಸುಣ್ಣದ ಚುಕ್ಕೆ. ಎಕ್ಸ್‌ಪೋಶರ್ ಹೆಚ್ಚಾಗಿ ಮೂರೂ ಬಣ್ಣದ ಪಿಕ್ಸೆಲ್‌ಗಳು ತುಂಬಿ ತುಳುಕಿದರೆ ಉಳಿಯುವುದು ಬಿಳಿ ಮಾತ್ರ. ಕೆಲವು ಚಿತ್ರಗಳನ್ನು ಕಡಿಮೆ ಸೆಕೆಂಡಿನಲ್ಲಿ ತೆಗೆದಿಟ್ಟುಕೊಳ್ಳಿ, ಸೆನ್ಸರಿನ ಲೆಕ್ಕವನ್ನು ಹಾಗೇ ಉಳಿಸುವ ರಾ ಫೈಲಿನಲ್ಲೇ. 14 ಬಿಟ್ ರಾದಲ್ಲಿ ಪ್ರತಿ ಬಣ್ಣಕ್ಕೆ 16,384 ಹಂತಗಳಿವೆ, ಜೆಪೆಗ್‌ನಲ್ಲಿ 256.

ಬಣ್ಣ ಸರಿಯಿದೆಯೇ ಎಂದು ನೋಡಲೂ ಈ ನಕ್ಷತ್ರಗಳೇ ಬೇಕು, ಅದೂ ಅದೇ ಫ್ರೇಮಿನವು. ಕಲಬುರಗಿಯಿಂದ ಕರೀನಾ ನೀಹಾರಿಕೆ ದಕ್ಷಿಣದಲ್ಲಿ ಹೆಚ್ಚೆಂದರೆ 13 ಡಿಗ್ರಿ ಎತ್ತರಕ್ಕೆ ಬರುತ್ತದೆ. ಅಷ್ಟು ತಗ್ಗಿನಲ್ಲಿ ದಪ್ಪ ಗಾಳಿ, ಧೂಳು ನೀಲಿಯನ್ನು ಚದುರಿಸಿ ಎಲ್ಲಕ್ಕೂ ಕೆಂಪು ಬಳಿಯುತ್ತವೆ. ನೆತ್ತಿಯ ಹತ್ತಿರದ ಓರಾಯನ್‌ಗೆ ಹೊಂದಿಸಿದ ಬಣ್ಣದ ಲೆಕ್ಕವನ್ನು ಅಲ್ಲಿಗೆ ಹಚ್ಚಬೇಡಿ. ಆ ಚೌಕಟ್ಟಿನ ನಕ್ಷತ್ರಗಳಿಂದಲೇ ಹೊಸದಾಗಿ ಹೊಂದಿಸಿ.