300 ಲೀಟರ್ ರೀಫ್ ಟ್ಯಾಂಕಿಗೆ ಎಷ್ಟು ಲೀಟರ್‌ನ ವೇವ್‌ಮೇಕರ್ ಬೇಕು?

"ಸರ್, ನನ್ನದು 300 ಲೀಟರ್ ರೀಫ್ ಟ್ಯಾಂಕ್. ಸಮುದ್ರದಲ್ಲಿ ಇರೋ ಹಾಗೆ ನೀರು ಓಡಾಡಬೇಕು ಅಂದ್ರೆ ಗಂಟೆಗೆ ಎಷ್ಟು ಲೀಟರ್‌ನ ವೇವ್‌ಮೇಕರ್ ಹಾಕ್ಲಿ?"

ರೀಫ್ ಟ್ಯಾಂಕ್ ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ, ವೇವ್‌ಮೇಕರ್ ಅಂದರೆ ಅದರೊಳಗೆ ನೀರನ್ನು ಓಡಾಡಿಸುವ ಪಂಪ್. ಈ ಪ್ರಶ್ನೆ ಬಾರದ ವಾರವೇ ಇಲ್ಲ. ಟ್ಯಾಂಕಿನ ಅಳತೆ ಮಾತ್ರ ಬದಲಾಗುತ್ತೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿದೆ. ಅದಕ್ಕೆ ಒಂದೇ ಕಡೆ ಬರೆದಿಡ್ತಿದ್ದೇನೆ.

ಒಂದು ದೊಡ್ಡದರ ಬದಲು ಎರಡು ಮಧ್ಯಮ ಗಾತ್ರದ ವೇವ್‌ಮೇಕರ್ ತಗೊಳ್ಳಿ. ಎದುರುಬದುರು ಗಾಜಿಗೆ, ಸ್ವಲ್ಪ ಎತ್ತರ ತಗ್ಗಾಗಿ ಕೂರಿಸಿ. ಎರಡರ ವೇಗವೂ ಒಟ್ಟಿಗೆ ಏರುವುದು, ಒಟ್ಟಿಗೆ ಇಳಿಯುವುದು ಬೇಡ. ಯಾವುದರ ಬಾಯಿಯೂ ನೇರವಾಗಿ ಹವಳದ ಕಡೆ ಇರಬಾರದು. ಉತ್ತರ ಇಷ್ಟೇ.

ಇಷ್ಟು ಹೇಳಿದ ತಕ್ಷಣ ಬರುವ ಮಾತು: "ಅದೆಲ್ಲ ಸರಿ, 40 ಪಟ್ಟು ಆಗುತ್ತಾ?" ಟ್ಯಾಂಕಿನ ನೀರು ಗಂಟೆಗೆ 40 ಸಲ ತಿರುಗಬೇಕು, 300 ಲೀಟರ್‌ಗೆ 12,000 ಲೀಟರ್‌ನ ಪಂಪ್ ಬೇಕು ಅನ್ನುವ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಕೆಲವರು 20 ಪಟ್ಟು ಸಾಕು ಅಂತಾರೆ, ಕೆಲವರಿಗೆ 60 ಬೇಕು. ಈ ಲೆಕ್ಕವನ್ನು ದಯವಿಟ್ಟು ಬಿಟ್ಟುಬಿಡಿ.

ಎಷ್ಟು ಸಲ ತಿರುಗಿತು ಅನ್ನುವುದು ಸಂಪ್‌ಗೆ ಸರಿಯಾದ ಪ್ರಶ್ನೆ. ಸಂಪ್ ಅಂದರೆ ಟ್ಯಾಂಕಿನ ನೀರು ಶುದ್ಧ ಮಾಡಲು ಇಡುವ ಇನ್ನೊಂದು ತೊಟ್ಟಿ. ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಇರುವುದು ಅಲ್ಲಿ. ನೀರು ಅಲ್ಲಿಗೆ ಹೋಗಿ ಬರಲೇಬೇಕು. ಆದರೆ ಪಂಪಿನ ಒಳಗೆ ಎಷ್ಟು ಲೀಟರ್ ಹೋಯಿತು ಅನ್ನುವುದು ಹವಳಕ್ಕೆ ಸಂಬಂಧವೇ ಇಲ್ಲದ ವಿಷಯ. ತನ್ನ ಮೈ ಸವರಿಕೊಂಡು ಹೋಗುವ ನೀರು ಎಷ್ಟು ಜೋರಾಗಿದೆ, ಯಾವ ದಿಕ್ಕಿನಿಂದ ಬರ್ತಿದೆ ಅನ್ನುವುದಷ್ಟೇ ಅದಕ್ಕೆ ತಾಗುವುದು.

ಲೆಕ್ಕ ಹಾಕಿ ನೋಡೋಣ. ಹಳೇ ಮಾದರಿಯ ಸಣ್ಣ ಬಾಯಿಯ ಪಂಪ್, ಅಂದರೆ ಪವರ್‌ಹೆಡ್, ಗಂಟೆಗೆ 2,000 ಲೀಟರ್, ಬಾಯಿ 2 ಸೆಂಟಿಮೀಟರ್ ಅಗಲ ಅಂದುಕೊಳ್ಳಿ. ಬಾಯಿಂದ ಹೊರಬೀಳುವ ನೀರಿನ ವೇಗ ಸೆಕೆಂಡಿಗೆ ಸುಮಾರು 175 ಸೆಂಟಿಮೀಟರ್. ಈಗ ಪ್ರೊಪೆಲ್ಲರ್ ಇರುವ 12,000 ಲೀಟರ್‌ನ ವೇವ್‌ಮೇಕರ್ ತಗೊಳ್ಳಿ. ಅದರ ಬಾಯಿ 8 ಸೆಂಟಿಮೀಟರ್. ವೇಗ ಸೆಕೆಂಡಿಗೆ ಸುಮಾರು 65 ಸೆಂಟಿಮೀಟರ್. ಡಬ್ಬಿಯ ಮೇಲಿನ ಅಂಕಿ ಆರು ಪಟ್ಟು ಜಾಸ್ತಿ, ಹೊರಬೀಳುವ ವೇಗ ಮಾತ್ರ ಮೂರನೇ ಒಂದು ಭಾಗದ ಹತ್ತಿರ! ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತುತ್ತೀರಲ್ವಾ, ಅದೇ ಕಥೆ. ಆ ಸಣ್ಣ ಪವರ್‌ಹೆಡ್ಡನ್ನು ಹತ್ತಿರದಿಂದ ಹವಳಕ್ಕೆ ಗುರಿಯಿಟ್ಟರೆ ಮಾಂಸ ಕಿತ್ತು ಬಿಳಿ ಅಸ್ಥಿ ಕಾಣಿಸುತ್ತೆ. ಪಟ್ಟಿನ ಲೆಕ್ಕದಲ್ಲಿ ಅದು 7 ಪಟ್ಟೂ ಇಲ್ಲ.

ಅದೇ ಟ್ಯಾಂಕಿನಲ್ಲಿ, ಅದೇ ಹೊತ್ತಿಗೆ, ಕಲ್ಲಿನ ಹಿಂದಿನ ಮೂಲೆಯಲ್ಲಿ ಕಸ ಕೂತಿರುತ್ತೆ. ಪಂಪಿನ ಎದುರಿಗಿರುವ ನೀರೇ ಮತ್ತೆ ಮತ್ತೆ ಪಂಪಿಗೆ ಹೋಗುತ್ತೆ, ಮೂಲೆಯ ನೀರು ಅಲ್ಲೇ ಇರುತ್ತೆ. 40 ಪಟ್ಟು ಅಂದರೆ ಪ್ರತಿ ಹನಿಯೂ 40 ಸಲ ಓಡಾಡಿತು ಅಂತ ಅರ್ಥ ಅಲ್ಲವೇ ಅಲ್ಲ. ಇನ್ನೊಂದು ಕಡೆ, ಜೋರಾಗಿ ಹೊರಟ ನೀರು ಅಕ್ಕಪಕ್ಕದ ನೀರನ್ನೂ ಎಳೆದುಕೊಂಡು ಹೋಗುತ್ತೆ. ಅದು ಡಬ್ಬಿಯ ಅಂಕಿಯಲ್ಲಿ ಸೇರಿಲ್ಲ. ಒಂದು ಕಡೆ ಜಾಸ್ತಿ ಹೇಳುವ, ಇನ್ನೊಂದು ಕಡೆ ಕಮ್ಮಿ ಹೇಳುವ ಅಂಕಿಯನ್ನು ನಂಬಿ ಯಾಕೆ ದುಡ್ಡು ಸುರಿಯಬೇಕು?

ಹವಳದ ಮೈಗೆ ಅಂಟಿದಂತೆ ನಿಂತ ನೀರಿನ ಒಂದು ತೆಳು ಪದರ ಇರುತ್ತೆ. ಆಹಾರ, ಆಮ್ಲಜನಕ, ಕಸ ಎಲ್ಲ ಅದನ್ನು ದಾಟಿಯೇ ಹೋಗಿ ಬರಬೇಕು. ನೀರು ಚೆನ್ನಾಗಿ ಓಡಿದಷ್ಟೂ ಪದರ ತೆಳ್ಳಗಾಗುತ್ತೆ. ಹಗಲು ಹೊತ್ತು ಹವಳದೊಳಗಿನ ಪಾಚಿ ಆಮ್ಲಜನಕ ತಯಾರಿಸುತ್ತೆ. ಅದು ಹೊರಗೆ ಹೋಗದಿದ್ದರೆ ಆಹಾರ ತಯಾರಿಕೆಯೇ ನಿಧಾನ ಆಗುತ್ತೆ. ಲೈಟ್ ದುಬಾರಿಯದು ಹಾಕಿ ಫ್ಲೋ ಮರೆತವರು ಇದನ್ನು ಗಮನಿಸಬೇಕು.

ದಿಕ್ಕು ಯಾಕೆ ಬದಲಾಗಬೇಕು? ಒಂದೇ ಕಡೆಯಿಂದ ಬಂದರೆ ಕೊಂಬೆಗಳ ಹಿಂಬದಿಗೆ ನೀರು ಸಿಗಲ್ಲ. ಮುರ್ಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ ಡೈವ್ ಮಾಡಿದವರಿಗೆ ನೀರು ಮೈಯನ್ನು ಮುಂದಕ್ಕೂ ಹಿಂದಕ್ಕೂ ತೂಗುವುದು ಗೊತ್ತಿರುತ್ತೆ. ಅಲೆ ಮಾಡುವ ಕೆಲಸ ಅದು. ಹವಳ ಬೆಳೆದಿರುವುದು ಆ ತೂಗಾಟದಲ್ಲಿ.

ಕಂಟ್ರೋಲರ್ ಇರುವ ಪಂಪಿನಲ್ಲಿ ರ‍್ಯಾಂಡಮ್ ಮೋಡ್ ಇರುತ್ತೆ, ಹಾಕಿ. ಆದರೆ ಒಂದೇ ಪಂಪ್ ಇದ್ದರೆ ವೇಗ ಬದಲಾಗುತ್ತೆ, ದಿಕ್ಕು ಬದಲಾಗಲ್ಲ. ಎರಡು ಪಂಪಿನ ನೀರು ಡಿಕ್ಕಿ ಹೊಡೆಯುವ ಜಾಗ ಆಚೀಚೆ ಸರಿಯುತ್ತಿರಬೇಕು. ಅಲ್ಲೇ ನಿಜವಾದ ಗೊಂದಲದ ಹರಿವು ಹುಟ್ಟುವುದು. ಕಂಟ್ರೋಲರ್ ಇಲ್ಲವಾ? ಟೈಮರ್ ಸಾಕು. ಒಂದು ಪಂಪಿನ ಆನ್-ಆಫ್ ಸುತ್ತು 7 ನಿಮಿಷ, ಇನ್ನೊಂದರದು 11 ನಿಮಿಷ ಇಡಿ. ಅದೇ ಜೋಡಿ ಮತ್ತೆ ಬರಲು 77 ನಿಮಿಷ ಬೇಕು. ಕಲ್ಲುಗಳನ್ನು ಹಿಂದಿನ ಗಾಜಿಗೆ ಗೋಡೆಯ ಥರ ಒತ್ತಬೇಡಿ, ನಡುವೆ ಕೈ ತೂರುವಷ್ಟು ಸಂದಿ ಬಿಡಿ.

ಸರಿಯಾಯ್ತಾ ಅಂತ ನೋಡಲು ಹವಳದ ಮೈಮೇಲಿನ ಸಣ್ಣ ಹೂವಿನಂಥ ಪಾಲಿಪ್‌ಗಳನ್ನು ಎರಡು ನಿಮಿಷ ಸುಮ್ನೆ ನೋಡಿ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಾಗಿ, ನಡುವೆ ಒಂದು ಕ್ಷಣ ನೆಟ್ಟಗಾದರೆ ಚೆನ್ನಾಗಿದೆ. ಒಂದೇ ಕಡೆ ಮಲಗಿದ್ದರೆ ಪಂಪ್ ತಿರುಗಿಸಿ. ಟಾರ್ಚ್, ಹ್ಯಾಮರ್ ಹವಳಗಳಿಗೆ ಮೆಲ್ಲಗೆ ಸಾಕು. ಕೊಂಬೆಕೊಂಬೆಯಾಗಿ ಬೆಳೆಯುವ ಅಕ್ರೊಪೋರಾ ಹವಳಕ್ಕೆ ಜೋರು ಬೇಕು.

ಯಾರೂ ಕೇಳದ ಇನ್ನೊಂದು ವಿಷಯ: ಕರೆಂಟ್ ಹೋದಾಗ ಏನು ಮಾಡ್ತೀರಿ? 25 ಡಿಗ್ರಿ ಬಿಸಿಯ ಸಮುದ್ರದ ನೀರು ಲೀಟರಿಗೆ 7 ಮಿಲಿಗ್ರಾಂ ಆಮ್ಲಜನಕವನ್ನೂ ಹಿಡಿದಿಡಲ್ಲ. ಸಿಹಿನೀರಿಗಿಂತ ಅದು ಕಮ್ಮಿ. ಲೈಟ್ ಆರಿದೆ ಅಂದರೆ ಆಮ್ಲಜನಕ ತಯಾರಿಕೆ ನಿಂತಿದೆ. ಮೀನು, ಹವಳ, ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಎಲ್ಲವೂ ಉಸಿರಾಡ್ತಲೇ ಇರುತ್ತವೆ. ಮೇಲ್ಮೈ ಕದಡದಿದ್ದರೆ ಹೊಸದಾಗಿ ಒಳಗೆ ಬರುವುದು ಬಹಳ ಕಮ್ಮಿ. ಹಾಗಾಗಿ ಇನ್ವರ್ಟರ್‌ಗೆ ಲೈಟ್ ಕೊಡಬೇಡಿ, ಒಂದು ವೇವ್‌ಮೇಕರ್ ಕೊಡಿ, ಅದರ ಮುಖ ಮೇಲ್ಮೈ ಕಡೆ ಇರಲಿ. ಕರೆಂಟ್ ಬರುವವರೆಗೆ ಊಟ ಹಾಕಬೇಡಿ. ಇನ್ವರ್ಟರ್ ಇಲ್ಲದವರು ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ. ದುಡ್ಡು ಒಂದಕ್ಕೇ ಇದ್ದರೆ ಮೊದಲು ಆ ಏರ್ ಪಂಪ್ ತಗೊಳ್ಳಿ, ಎರಡನೇ ವೇವ್‌ಮೇಕರ್ ಮುಂದಿನ ತಿಂಗಳು ಬರಲಿ.